ಜಲಗಾರನ ಕೆಮ್ಮು

ಹೋದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಕುವೆಂಪು ಅವರ 'ಜಲಗಾರ' ಮಾಡಿಸೋಣವೆಂದು ಹೊರಟೆವು. ಚಿಕ್ಕ ನಾಟಕ, ರಂಗಸಜ್ಜಿಕೆಗೆ ಹೆಚ್ಚು ದುಡ್ಡು ಬೇಡ, ಮಾತುಗಳು ಚೆನ್ನಾಗಿವೆ. ಹಲವು ವರ್ಷ ಪಾಠ ಮಾಡಿದ್ದರಿಂದ ನನಗಂತೂ ಬಹುಪಾಲು ಬಾಯಿಪಾಠವಾಗಿತ್ತು. ತಾಲೀಮಿನ ಮೂರನೆಯ ದಿನ ಜಲಗಾರನ ಪಾತ್ರದ ಹುಡುಗನಿಗೆ ನಿಜವಾದ ಕಡ್ಡಿಪೊರಕೆ ಕೊಟ್ಟೆವು. ಅಲ್ಲಿಯವರೆಗೆ ಅವನು ಬರಿಗೈಯಲ್ಲಿ ಗುಡಿಸುವಂತೆ ನಟಿಸುತ್ತಾ ಸಾಲುಗಳನ್ನು ಹೇಳುತ್ತಿದ್ದ. ಸಭಾಂಗಣದ ವೇದಿಕೆ ತಿಂಗಳುಗಟ್ಟಲೆ ಯಾರೂ ಗುಡಿಸದೆ ಬಿದ್ದಿದ್ದ ಜಾಗ. ನಾಲ್ಕು ಬಾರಿ ಪೊರಕೆ ಎಳೆಯುವಷ್ಟರಲ್ಲಿ ಧೂಳೆದ್ದು ಹುಡುಗನಿಗೆ ಕೆಮ್ಮು ಹತ್ತಿಕೊಂಡಿತು. ಎರಡನೆಯ ಸಾಲು ಮುಗಿಯಲಿಲ್ಲ. ಎಲ್ಲರೂ ನಕ್ಕರು, ಅವನೂ ನಕ್ಕ. ಒಂದು ಬಕೆಟ್ ನೀರು ತರಿಸಿ ಚಿಮುಕಿಸಿ ತಾಲೀಮು ಮುಂದುವರಿಸಿದೆವು.

ಆಗ ವೇಷಭೂಷಣ ನೋಡಿಕೊಳ್ಳುತ್ತಿದ್ದ ಹುಡುಗಿಯೊಬ್ಬಳು, ಯಾರನ್ನೂ ಆಕ್ಷೇಪಿಸುವ ದನಿಯಲ್ಲಲ್ಲ, ಸುಮ್ಮನೆ ಹೇಳಿದಳು: "ನಮ್ಮಮ್ಮನಿಗೆ ಬೆಳಿಗ್ಗೆ ಯಾರೂ ಹಿಂಗೆ ನೀರು ಚಿಮುಕಿಸಿ ಕೊಡಲ್ಲ ಸರ್."

ಅವಳ ತಾಯಿ ನಮ್ಮ ಊರಿನಲ್ಲಿ ಪೌರಕಾರ್ಮಿಕರೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು ಎಂದೇನೂ ಇಲ್ಲ. ಆದರೆ ನನ್ನನ್ನು ಕಾಡಿದ್ದು ಇನ್ನೊಂದು. ಇಷ್ಟು ವರ್ಷ ಈ ನಾಟಕದಲ್ಲಿ ಕಾಯಕ, ಅಸ್ಪೃಶ್ಯತೆ, ದೇಗುಲ, ಪುರೋಹಿತಶಾಹಿ, ದೈವದರ್ಶನ ಎಲ್ಲವನ್ನೂ ಪಾಠ ಮಾಡಿದ ನಾನು, ಗುಡಿಸುವವನ ಮೂಗಿಗೆ ಧೂಳು ಹೋಗುತ್ತದೆ ಎಂಬ ಸಂಗತಿಯನ್ನು ಒಮ್ಮೆಯೂ ಯೋಚಿಸಿರಲಿಲ್ಲ. ನಾಟಕ ನನ್ನನ್ನು ಹಾಗೆ ಯೋಚಿಸುವಂತೆ ಮಾಡಿರಲಿಲ್ಲ. ಅದು ನಾಟಕದ ಮಿತಿಯೋ ನನ್ನ ಓದಿನ ಮಿತಿಯೋ? ಈ ಪ್ರಶ್ನೆ ಇಟ್ಟುಕೊಂಡು ಕಸ, ಮಲ, ಚರಂಡಿಯ ಕೆಲಸವನ್ನು ಕುರಿತ ಕೆಲವು ಮುಖ್ಯ ಕೃತಿಗಳನ್ನು ಮತ್ತೆ ಓದಿದೆ. ಒಂದು ಕೃತಿ ಕೆಲಸಗಾರನಿಗೆ ಆತ್ಮಗೌರವ ಕೊಡುತ್ತದೆಯೇ ಎಂದು ಕೇಳುವುದು ನಮಗೆ ಅಭ್ಯಾಸವಾಗಿದೆ. ಅವನಿಗೆ ಶ್ವಾಸಕೋಶ, ಬೆನ್ನು, ಚರ್ಮ ಇವೆಯೇ ಎಂದು ಕೇಳಿದರೆ ಏನಾಗುತ್ತದೆ ಎನ್ನುವುದು ಈ ಬರಹದ ಕುತೂಹಲ.

'ಜಲಗಾರ' ಬಂದದ್ದು 1928ರಲ್ಲಿ. ಬರೆದವರು ಇನ್ನೂ ಇಪ್ಪತ್ತನಾಲ್ಕರ ಆಸುಪಾಸಿನ ತರುಣ. ಗುಡಿಗೆ ಹೋಗುವವರೆಲ್ಲ ಹೋಗುತ್ತಾರೆ, ಬೀದಿ ಗುಡಿಸುವವನು ಹೊರಗೇ ಉಳಿಯುತ್ತಾನೆ. ಕೊನೆಗೆ ಶಿವ ಗುಡಿಯೊಳಗೆ ಸಿಗುವುದಿಲ್ಲ, ತಾನೂ ಒಬ್ಬ ಜಲಗಾರನಾಗಿ, ಜಗತ್ತಿನ ಕೊಳೆ ಗುಡಿಸುವವನಾಗಿ ಈ ಜಲಗಾರನ ಎದುರಿಗೆ ನಿಲ್ಲುತ್ತಾನೆ. ಆ ಕಾಲಕ್ಕೆ ಇದು ಸಣ್ಣ ಪಲ್ಲಟವಲ್ಲ. ಅಸ್ಪೃಶ್ಯನನ್ನು ಗುಡಿಯೊಳಕ್ಕೆ ಬಿಡಿ ಎಂದು ಕೇಳುವುದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ದೇವರೇ ಆ ಗುಡಿಯಲ್ಲಿಲ್ಲ ಎಂದ ನಾಟಕ ಇದು. ವಚನಕಾರರ ಕಾಯಕದ ಕಲ್ಪನೆಯನ್ನು ಇಪ್ಪತ್ತನೆಯ ಶತಮಾನಕ್ಕೆ ಎಳೆದು ತಂದು ಪುರೋಹಿತಶಾಹಿಯ ಎದುರು ನಿಲ್ಲಿಸಿದ್ದು ಇದರ ದೊಡ್ಡತನ. ಇದನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ.

ಆದರೆ ಶಿವ ಪೊರಕೆ ಹಿಡಿದ ಕ್ಷಣದಲ್ಲಿ ಇನ್ನೊಂದು ಕೆಲಸವೂ ನಡೆದುಹೋಗುತ್ತದೆ. ಪೊರಕೆ ಪ್ರತಿಮೆಯಾಗುತ್ತದೆ. ಗುಡಿಸುವುದು ಅಜ್ಞಾನವನ್ನು, ಮೌಢ್ಯವನ್ನು, ಜಾತಿಯ ಕೊಳೆಯನ್ನು ಗುಡಿಸುವುದಾಗುತ್ತದೆ. ಪ್ರತಿಮೆಯ ಧೂಳು ಯಾರ ಎದೆಯೊಳಗೂ ಇಳಿಯುವುದಿಲ್ಲ. ನಾಟಕದ ಶಕ್ತಿ ಇರುವುದೂ ಇಲ್ಲೇ, ಅದರ ಮೌನ ಇರುವುದೂ ಇಲ್ಲೇ. ದರ್ಶನ ಪಡೆದ ಜಲಗಾರ ಮರುದಿನ ಬೆಳಿಗ್ಗೆ ಅದೇ ಬೀದಿಯನ್ನು ಅದೇ ಪೊರಕೆಯಲ್ಲಿ ಗುಡಿಸುತ್ತಾನೆಯೇ, ಅವನ ಮಗನೂ ಗುಡಿಸುತ್ತಾನೆಯೇ ಎಂದು ನಾಟಕವನ್ನು ಕೇಳುವಂತಿಲ್ಲ. ಕೇಳಿದರೆ ಬೆಳದಿಂಗಳಿಗೆ ಲೆಕ್ಕಪತ್ರ ಕೇಳಿದ ಹಾಗೆ.

ಈ ಅನುಮಾನ ನನ್ನದಷ್ಟೇ ಅಲ್ಲ. ಗಾಂಧೀಜಿ ಭಂಗಿಯ ಕೆಲಸವನ್ನು ಪವಿತ್ರ ಸೇವೆಯೆಂದು ಹೊಗಳಿದ್ದನ್ನು ಅಂಬೇಡ್ಕರ್ 1945ರ ತಮ್ಮ ಪುಸ್ತಕದಲ್ಲಿ ಕಟುವಾಗಿ ಪ್ರಶ್ನಿಸಿದರು. ಇಲ್ಲಿ ಒಬ್ಬ ಮನುಷ್ಯ ಮಾಡುವ ಕೆಲಸದಿಂದ ಭಂಗಿಯಾಗುವುದಿಲ್ಲ, ಹುಟ್ಟಿನಿಂದ ಆಗುತ್ತಾನೆ. ಹೀಗಿರುವಾಗ ಆ ಕೆಲಸವನ್ನು ಪವಿತ್ರವೆಂದು ಆ ಜಾತಿಯವರಿಗೇ ಹೇಳಿ ಏನು ಪ್ರಯೋಜನ ಎನ್ನುವುದು ಅವರ ವಾದದ ತಿರುಳು. ಇದನ್ನು ದೇಹದ ಕಡೆಗೆ ತಿರುಗಿಸಿ ಹೇಳಬಹುದು: ಪವಿತ್ರವಾದದ್ದಕ್ಕೆ ರಕ್ಷಣೆಯ ಸಲಕರಣೆ ಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಪೂಜಾರಿಗೆ ಗಮ್‌ಬೂಟು ಕೊಡುತ್ತಾರೆಯೇ? 2019ರಲ್ಲಿ ಪ್ರಯಾಗರಾಜದ ಕುಂಭಮೇಳದಲ್ಲಿ ಪ್ರಧಾನಿಯವರು ಐವರು ಸಫಾಯಿ ಕರ್ಮಚಾರಿಗಳ ಪಾದ ತೊಳೆದರು. ಚಿತ್ರ ದೇಶದ ತುಂಬ ಹರಿದಾಡಿತು. ನಮ್ಮಲ್ಲೂ ಪ್ರತಿವರ್ಷ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನದ ಹಾರ, ಶಾಲು, ಸನ್ಮಾನ ನಡೆಯುತ್ತವೆ. ಹಾರ ಹಾಕಬಾರದೆಂದಲ್ಲ. ಪಾದ ಪೂಜೆಗೆ ಸಿಕ್ಕಷ್ಟು ಸುಲಭವಾಗಿ ಆ ಪಾದಕ್ಕೆ ಅಳತೆಯ ಬೂಟು ಸಿಗುವುದಿಲ್ಲ ಎನ್ನುವುದಷ್ಟೇ ಮಾತು.

ಗುಡಿಸುವುದೆಂದರೆ ದೇಹಕ್ಕೆ ಏನು ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಮ್ಮ ರಸ್ತೆಯ ಧೂಳೆಂದರೆ ಬರೀ ಮಣ್ಣಲ್ಲ. ಅದರಲ್ಲಿ ವಾಹನದ ಹೊಗೆಯ ಮಸಿ, ಸವೆದ ಟೈರಿನ ಪುಡಿ, ಕಟ್ಟಡದ ಸಿಮೆಂಟು, ಒಣಗಿದ ಉಗುಳು, ನಾಯಿಯ ಹೇಲು ಎಲ್ಲ ಸೇರಿರುತ್ತವೆ. ಕಣ್ಣಿಗೆ ಕಾಣುವ ಧೂಳನ್ನು ಮೂಗು ತಡೆಯುತ್ತದೆ. ಕಾಣದಷ್ಟು ನುಣುಪಾದದ್ದು ಶ್ವಾಸಕೋಶದ ಆಳಕ್ಕೆ ಹೋಗಿ ಕೂರುತ್ತದೆ. ಗಿಡ್ಡ ಪೊರಕೆಯಾದರೆ ಗಂಟೆಗಟ್ಟಲೆ ಸೊಂಟ ಬಗ್ಗಿರಬೇಕು, ಮುಖವೂ ಧೂಳಿಗೆ ಅಷ್ಟು ಹತ್ತಿರ. ತಿಂಗಳುಗಳಲ್ಲಿ ಇದು ಕೆಮ್ಮು, ವರ್ಷಗಳಲ್ಲಿ ಉಬ್ಬಸ, ಸೊಂಟನೋವು, ಮಂಡಿನೋವು. ಇದರ ಮೇಲೆ, ಕೆಲಸದ ಬೀದಿಯಲ್ಲಿ ಶೌಚಾಲಯವಿಲ್ಲದ ಕಾರಣ ಹೆಂಗಸರು ಬೆಳಗಿನಿಂದ ನೀರೇ ಕುಡಿಯದೆ ದುಡಿಯುತ್ತಾರೆ. ಅದರ ಫಲ ಉರಿಮೂತ್ರ, ಮೂತ್ರನಾಳದ ಸೋಂಕು. ಇದ್ಯಾವುದೂ ಒಂದು ದಿನ, ಇಂಥ ಹೊತ್ತಿಗೆ ಸಂಭವಿಸುವಂಥದ್ದಲ್ಲ.

ಈ ದೇಹವನ್ನು ನಾನು ಮೊದಲು ಸ್ಪಷ್ಟವಾಗಿ ಕಂಡದ್ದು ಓಂಪ್ರಕಾಶ್ ವಾಲ್ಮೀಕಿಯವರ ಹಿಂದಿ ಆತ್ಮಕಥೆ 'ಜೂಠನ್'ನಲ್ಲಿ. 1997ರಲ್ಲಿ ಬಂದ ಪುಸ್ತಕ. ಶಾಲೆಗೆ ಸೇರಿದ ಹುಡುಗನ ಕೈಗೆ ಹೆಡ್‌ಮಾಸ್ತರರು ಪೊರಕೆ ಕೊಟ್ಟು, ಇದೇ ನಿನ್ನ ಜಾತಿಯ ಕೆಲಸ ಎಂದು ಇಡೀ ಮೈದಾನ ಗುಡಿಸಲು ಹಚ್ಚುವ ಪ್ರಸಂಗ ಬಹಳ ಜನ ಓದಿರುತ್ತೀರಿ. ಅವಮಾನದ ದೃಶ್ಯವೆಂದೇ ನಾವು ಅದನ್ನು ಓದುತ್ತೇವೆ, ಅದು ಸರಿಯೇ. ಆದರೆ ಈಗ ಮತ್ತೆ ಓದಿದಾಗ ನನಗೆ ತಡೆದು ನಿಲ್ಲಿಸಿದ್ದು ವಾಲ್ಮೀಕಿ ಅಲ್ಲಿ ದಾಖಲಿಸುವ ಇನ್ನೆರಡು ಸಣ್ಣ ಸಂಗತಿಗಳು. ಅಷ್ಟು ದೊಡ್ಡ ಮೈದಾನಕ್ಕೆ ಆ ಪುಟ್ಟ ಬೆನ್ನು ನೋಯುತ್ತದೆ, ಬಾಯೊಳಗೆ ಧೂಳು ಹೋಗುತ್ತದೆ. ಅವಮಾನವನ್ನು ಹೊರಗಿನಿಂದ ಕಂಡವರು ಈ ಎರಡನ್ನು ಬರೆಯುತ್ತಿರಲಿಲ್ಲ. ಬಾಯಲ್ಲಿ ಧೂಳಿನ ರುಚಿ ನೆನಪಿರುವವನು ಮಾತ್ರ ಬರೆಯಬಲ್ಲ. ಸಹಾನುಭೂತಿ ಮತ್ತು ಅನುಭವದ ವ್ಯತ್ಯಾಸದ ಬಗ್ಗೆ ನಾವು ವಿಚಾರಸಂಕಿರಣಗಳಲ್ಲಿ ದಿನಗಟ್ಟಲೆ ಚರ್ಚಿಸುತ್ತೇವೆ. ಆ ವ್ಯತ್ಯಾಸ ಕೆಲವೊಮ್ಮೆ ಒಂದು ಬೊಗಸೆ ಧೂಳಿನಷ್ಟೇ ಇರುತ್ತದೆ.

ಮುಲ್ಕ್ ರಾಜ್ ಆನಂದರ 'ಅನ್‌ಟಚಬಲ್' (1935) ಕಾದಂಬರಿಯ ಬಖಾನಿಗೆ ದೇಹವಿದೆ. ಹದಿನೆಂಟರ ಗಟ್ಟಿಮುಟ್ಟು ಹುಡುಗ, ಸಾಲು ಸಾಲು ಶೌಚಗಳನ್ನು ಚಕಚಕನೆ ಶುಚಿ ಮಾಡುತ್ತಾನೆ. ಕಾದಂಬರಿ ಅವನ ಮೈಕಟ್ಟನ್ನು, ಕೆಲಸದ ಲಯವನ್ನು ಮೆಚ್ಚುಗೆಯಿಂದ ನೋಡುತ್ತದೆ. ಒಂದೇ ದಿನದ ಕಥೆಯಾದ್ದರಿಂದ ಆ ಮೈ ಇಪ್ಪತ್ತು ವರ್ಷದ ನಂತರ ಏನಾಗುತ್ತದೆ ಎನ್ನುವುದು ಅದರ ಚೌಕಟ್ಟಿನೊಳಗೆ ಬರುವಂತಿಲ್ಲ. ಆದರೆ ಅದರಲ್ಲಿ ಒಂದು ಉಪಕಥೆಯಿದೆ. ಬೀದಿಯಲ್ಲಿ ಏಟು ತಿಂದು ಬಂದು ಕುದಿಯುತ್ತಿರುವ ಮಗನಿಗೆ ಅಪ್ಪ ಲಖಾ ಹಳೆಯ ಘಟನೆ ಹೇಳುತ್ತಾನೆ. ಮಗುವಾಗಿದ್ದಾಗ ಬಖಾನಿಗೆ ವಿಪರೀತ ಜ್ವರ. ಅಪ್ಪ ಹಕೀಮನ ಅಂಗಡಿಗೆ ಓಡುತ್ತಾನೆ. ಒಳಗೆ ಹೋಗುವಂತಿಲ್ಲ. ಹೊರಗೆ ನಿಂತು ಬಂದುಹೋಗುವವರಿಗೆ ಅಂಗಲಾಚುತ್ತಾನೆ, ಯಾರೂ ಕಿವಿಗೊಡುವುದಿಲ್ಲ. ಕೊನೆಗೆ ತಡೆಯಲಾರದೆ ಒಳನುಗ್ಗಿ ಹಕೀಮನ ಕಾಲು ಹಿಡಿಯುತ್ತಾನೆ. ಮೈಲಿಗೆಯಾಯಿತೆಂದು ಗದ್ದಲವಾಗುತ್ತದೆ. ಆಮೇಲೆ ಹಕೀಮನೇ ಅವರ ಮನೆಗೆ ಬಂದು ಮಗುವನ್ನು ಉಳಿಸುತ್ತಾನೆ.

ಲಖಾ ಇದನ್ನು ಹೇಳುವುದು ಮೇಲುಜಾತಿಯವರು ಒಳ್ಳೆಯವರು, ಸಿಟ್ಟು ಮಾಡಬೇಡ ಎಂದು ಮಗನಿಗೆ ಬುದ್ಧಿ ಹೇಳಲು. ನಾವು ಓದುವುದು ಅದರ ತಿರುಗುಮುರುಗು. ಊರಿನ ಆರೋಗ್ಯವನ್ನು ದಿನವೂ ಕಾಯುವವನಿಗೆ ಔಷಧಿ ಹಕ್ಕಾಗಿ ಸಿಗುವುದಿಲ್ಲ, ಯಾರದೋ ಕರುಣೆಯಾಗಿ ಸಿಗುತ್ತದೆ. ಅದಕ್ಕೆ ಅವನು ಜೀವಮಾನವಿಡೀ ಕೃತಜ್ಞನಾಗಿರಬೇಕು. ಕಾದಂಬರಿಯ ಪ್ರಸಿದ್ಧವಾದ ಕೊನೆಗಿಂತ ಈ ಉಪಕಥೆ ಹೆಚ್ಚು ದೂರ ನೋಡಿದೆ ಎಂದು ನನಗೆ ಈಗ ಅನ್ನಿಸುತ್ತದೆ.

ಆ ಕೊನೆಯಲ್ಲಿ ಬಖಾನ ಮುಂದೆ ಮೂರು ದಾರಿಗಳು ಬರುತ್ತವೆ: ಪಾದ್ರಿಯ ಕ್ರಿಸ್ತ, ಗಾಂಧಿಯ ಭಾಷಣ, ಮತ್ತೆ ಒಬ್ಬ ಕವಿ ಹೇಳುವ ಫ್ಲಶ್. ಮಲವನ್ನು ಕೈಯಿಂದ ಮುಟ್ಟುವ ಅಗತ್ಯವನ್ನೇ ಯಂತ್ರ ಇಲ್ಲವಾಗಿಸಿದರೆ ಅಸ್ಪೃಶ್ಯತೆಯೂ ಹೋಗುತ್ತದೆ ಎನ್ನುವುದು ಕವಿಯ ನಂಬಿಕೆ. 1935ರಲ್ಲಿ ಅದು ತರ್ಕಬದ್ಧವಾದ ಆಸೆ. ಫ್ಲಶ್ ಬಂತು. ಅದರ ಹಿಂದೆಯೇ ಒಳಚರಂಡಿ ಬಂತು, ಮ್ಯಾನ್‌ಹೋಲ್ ಬಂತು. ಚರಂಡಿಗೆ ಬಟ್ಟೆ, ಪ್ಲಾಸ್ಟಿಕ್, ಡಯಾಪರ್ ಎಲ್ಲ ಸುರಿದು ಕಟ್ಟಿಕೊಂಡಾಗ ಒಳಗಿಳಿಯಲು ಬಖಾನ ಮೊಮ್ಮಕ್ಕಳೇ ಬೇಕಾದರು. ಯಂತ್ರ ಕೆಲಸವನ್ನು ಇಲ್ಲವಾಗಿಸಲಿಲ್ಲ, ನಮ್ಮ ಕಣ್ಣಿಗೆ ಕಾಣದಂತೆ ನೆಲದ ಕೆಳಗೆ ಇಳಿಸಿತು.

ನೆಲದ ಕೆಳಗಿನ ಗಾಳಿಗೆ ತನ್ನದೇ ನಿಯಮವಿದೆ. ಗಾಳಿಯಾಡದ ಕಡೆ ಕೊಳೆಯುವ ಮಲ, ಕೆಸರು ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ಅನಿಲಗಳನ್ನು ಹುಟ್ಟಿಸುತ್ತವೆ. ಮೊದಲನೆಯದು ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದಂತೆ ಅದು ವಾಸನೆಯ ನರವನ್ನೇ ಮರಗಟ್ಟಿಸುತ್ತದೆ, ಅಂದರೆ ಅಪಾಯ ಹೆಚ್ಚಾದಾಗ ವಾಸನೆ ಹೋಗಿಬಿಡುತ್ತದೆ. ಇನ್ನೂ ಹೆಚ್ಚಾದರೆ ಒಂದೆರಡು ಉಸಿರಿಗೆ ಮನುಷ್ಯ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ. ಪತ್ರಿಕೆಗಳಲ್ಲಿ ಇಂಥ ಸಾವುಗಳು ಎರಡು ಮೂರರ ಗುಂಪಿನಲ್ಲಿ ವರದಿಯಾಗುವುದು ಈ ಕಾರಣಕ್ಕೆ. ಕಸದ ಬಗ್ಗೆ ಬರೆಯುವ ನಮ್ಮ ಸಾಹಿತ್ಯದಲ್ಲಿ ದುರ್ನಾತದ ವರ್ಣನೆಗೆ ಕೊರತೆಯಿಲ್ಲ. ಆದರೆ ಅದು ಪಕ್ಕದಲ್ಲಿ ಹಾದುಹೋಗುವವನ ಮೂಗಿನ ವರ್ಣನೆ. ಒಳಗಿರುವವನಿಗೆ ನಾತ ಬರುತ್ತಿರುವುದು ಒಳ್ಳೆಯ ಲಕ್ಷಣ, ನಿಂತುಹೋದರೆ ಭಯ.

ಈ ಒಳಗಿನವನ ಅರಿವನ್ನು ನಾನು ಕಂಡದ್ದು ಒಂದು ಸಿನಿಮಾದಲ್ಲಿ. ಚೈತನ್ಯ ತಾಮ್ಹಾಣೆ ಅವರ 'ಕೋರ್ಟ್' (2014) ಮರಾಠಿ ಮುಖ್ಯವಾಗಿರುವ ಹಲವು ಭಾಷೆಗಳ ಚಿತ್ರ. ಮುಂಬೈಯ ಲೋಕಗಾಯಕನೊಬ್ಬನ ಹಾಡು ಕೇಳಿ ಚರಂಡಿ ಕಾರ್ಮಿಕನೊಬ್ಬ ಮ್ಯಾನ್‌ಹೋಲಿನಲ್ಲಿ ಆತ್ಮಹತ್ಯೆ ಮಾಡಿಕೊಂಡ ಎಂಬುದು ಗಾಯಕನ ಮೇಲಿನ ಆರೋಪ. ಸತ್ತವನ ಹೆಂಡತಿ ಕಟಕಟೆಯಲ್ಲಿ ನಿಂತು ಕೇಳಿದ್ದಕ್ಕೆ ಚುಟುಕಾಗಿ ಉತ್ತರ ಕೊಡುತ್ತಾಳೆ. ಗಂಡನಿಗೆ ಸುರಕ್ಷತೆಯ ಸಾಮಾನು ಕೊಡುತ್ತಿರಲಿಲ್ಲ. ಗಟಾರದ ಗಾಳಿಯಿಂದ ಒಂದು ಕಣ್ಣು ಹೋಗಿತ್ತು. ನಾತ ತಡೆಯಲು ಕುಡಿಯುತ್ತಿದ್ದ. ಇಳಿಯುವ ಮೊದಲು ಒಂದು ಕಲ್ಲು ಎಸೆಯುತ್ತಿದ್ದ, ಜಿರಳೆ ಹೊರಗೆ ಬಂದರೆ ಒಳಗೆ ಗಾಳಿ ಇದೆ ಎಂದು ಲೆಕ್ಕ. ನ್ಯಾಯಾಲಯ ಹಾಡಿನಲ್ಲಿ ಸಾವಿನ ಕಾರಣ ಹುಡುಕುತ್ತಿರುವಾಗ ಕಾರಣವೆಲ್ಲ ಈ ನಾಲ್ಕು ಮಾತಿನಲ್ಲಿದೆ. ಅವಳು ಅಳುವುದಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಆ ಕಲ್ಲು ಮತ್ತು ಜಿರಳೆಯಲ್ಲಿ ಒಂದು ವೃತ್ತಿಯ ಜ್ಞಾನವಿದೆ. ಆ ಜ್ಞಾನವನ್ನು ಕಟ್ಟಿಕೊಳ್ಳಬೇಕಾದ ಸ್ಥಿತಿಯೇ ಅಪರಾಧ ಎನ್ನುವುದನ್ನು ಸಿನಿಮಾ ಬಾಯಿಬಿಟ್ಟು ಹೇಳುವುದಿಲ್ಲ.

ಇನ್ನು ತಕಳಿ ಶಿವಶಂಕರ ಪಿಳ್ಳೆಯವರ ಮಲಯಾಳಂ ಕಾದಂಬರಿ 'ತೋಟಿಯುಡೆ ಮಗನ್' (1947). ಆಲಪ್ಪುಳದ ಮಲ ಹೊರುವವರ ಮೂರು ತಲೆಮಾರಿನ ಕಥೆ. ಕಾಯಿಲೆ ಬಿದ್ದ ಅಪ್ಪನ ಸಲಿಕೆ, ಬಕೆಟ್ಟು ಮಗನ ಕೈಗೆ ಬರುವುದರಿಂದ ಕಥೆ ಶುರುವಾಗುತ್ತದೆ. ಆ ಮಗ ತನ್ನ ಮಗನಾದರೂ ತೋಟಿಯಾಗಬಾರದೆಂದು ಕನಸು ಕಾಣುತ್ತಾನೆ. ಊರಿಗೆ ಸಿಡುಬು, ಕಾಲರಾ ಬರುತ್ತವೆ, ಕೇರಿಯಲ್ಲಿ ಜನ ಸಾಯುತ್ತಾರೆ. ಸತ್ತವರ ಜಾಗ ಖಾಲಿ ಉಳಿಯುವುದಿಲ್ಲ. ಈ ಕಾದಂಬರಿಯನ್ನು ವರ್ಗಪ್ರಜ್ಞೆಯ, ಸಂಘಟನೆಯ ಕಥೆಯೆಂದು ಓದುವುದು ವಾಡಿಕೆ. ನನಗೆ ಈ ಸಲ ಕಂಡದ್ದು ಬೇರೆ. ಬೇರೆ ಮನೆಗಳಲ್ಲಿ ಆಸ್ತಿ ತಲೆಮಾರಿನಿಂದ ತಲೆಮಾರಿಗೆ ಬರುವುದಕ್ಕೆ ಉಯಿಲು ಇರುತ್ತದೆ. ಇಲ್ಲಿ ಕಾಯಿಲೆಯೇ ಉಯಿಲು. ಜಾತಿ ಹೇಗೆ ಮುಂದುವರಿಯುತ್ತದೆ ಎಂದರೆ ಶಾಸ್ತ್ರ, ಸಂಪ್ರದಾಯ ಎನ್ನುತ್ತೇವೆ. ತಕಳಿ ತೋರಿಸುವುದು ಅದಕ್ಕಿಂತ ಸರಳ: ಅಪ್ಪ ಏಳಲಾರ, ಇವತ್ತು ಒಲೆ ಹತ್ತಬೇಕು, ಮಗ ಹೋಗುತ್ತಾನೆ.

ನಮ್ಮ ವಿದ್ಯಾರ್ಥಿನಿಯ ತಾಯಿಗೂ ಕೆಲಸ ಬಂದದ್ದು ಗಂಡ ತೀರಿಕೊಂಡ ಮೇಲೆ. ಒಂದು ಸಂಜೆ ತಾಲೀಮು ತಡವಾಗಿ ಮಗಳನ್ನು ಕರೆದೊಯ್ಯಲು ಬಂದವರು ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಬಂದು ನೋಡಿ ಎಂದರೆ ಬರಲಿಲ್ಲ. "ಏನು ನಾಟಕ ಮೇಷ್ಟ್ರೇ?" ಎಂದು ಕೇಳಿದರು. ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಶಿವಾನೂ ಕಸ ಗುಡಿಸ್ತಾನಾ? ಅವನಿಗೆ ಎಷ್ಟು ಗಂಟೆಗೆ ಹಾಜರಿ?" ಎಂದು ನಕ್ಕರು. ತಮ್ಮದು ಆರು ಗಂಟೆಗೆ, ಐದು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಹೋಯಿತು ಅಂದರು. ಕೈಗೆ ಗ್ಲೌಸು ಕೊಡುವುದಿಲ್ಲವೇ ಎಂದೆ. "ಕೊಟ್ಟಿದ್ರು. ಗಂಡಸರ ಅಳತೇದು. ಹಾಕ್ಕಂಡ್ರೆ ಪೊರಕೆ ಹಿಡಿತ ಸಿಗಲ್ಲ, ಒಳಗೆ ಬೆವರು ನಿಂತು ಕಜ್ಜಿ ಆಗ್ತದೆ. ಮಡಿಚಿ ಇಟ್ಟಿದೀನಿ." ಬಲಗೈಯ ಹೆಬ್ಬೆರಳಿನ ಬುಡದಲ್ಲಿ ಗಾಯದ ಗುರುತಿತ್ತು. ಯಾರೋ ಕವರಿನಲ್ಲಿ ಒಡೆದ ಟ್ಯೂಬ್‌ಲೈಟ್ ಕಟ್ಟಿ ಎಸೆದಿದ್ದರಂತೆ.

ಕಸ ವಿಂಗಡಣೆಯನ್ನು ನಾವು ನಾಗರಿಕ ಪ್ರಜ್ಞೆಯ ವಿಷಯ ಅಂದುಕೊಂಡಿದ್ದೇವೆ. ಅದು ಆ ಹೆಬ್ಬೆರಳಿನ ವಿಷಯ. ಹಸಿಕಸ, ಒಣಕಸ, ಬ್ಲೇಡು, ಇನ್ಸುಲಿನ್ ಸೂಜಿ, ಪ್ಯಾಡು ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಕವರಿಗೆ ತುಂಬಿ ಗಂಟು ಹಾಕಿದರೆ ಒಳಗೆ ಅನ್ನ ಗಾಳಿಯಿಲ್ಲದೆ ಕೊಳೆಯುತ್ತದೆ, ಹೊರಗೆ ಒಬ್ಬರು ಅದನ್ನು ಬರಿಗೈಯಲ್ಲಿ ಹರಿಯುತ್ತಾರೆ. ಗಾಯಕ್ಕೆ ಆ ನೀರು ಸೋಕಿದರೆ ಕೀವು. ಸೂಜಿ ಚುಚ್ಚಿದರೆ ಹೆಪಟೈಟಿಸ್‌ನ ಅಪಾಯ. ಇಲಿ ಮೂತ್ರ ಬೆರೆತಿದ್ದರೆ ಇಲಿಜ್ವರ. 2016ರ ಘನತ್ಯಾಜ್ಯ ನಿಯಮಗಳು ಮನೆಯಲ್ಲೇ ಬೇರ್ಪಡಿಸಬೇಕು, ಪ್ಯಾಡುಗಳನ್ನು ಬೇರೆಯಾಗಿ ಸುತ್ತಿ ಕೊಡಬೇಕು ಎಂದಿದ್ದವು. ನಮ್ಮ ಮನೆಯಿಂದ ಹೊರಟ ಕವರು ಯಾರ ಕೈಯಲ್ಲಿ ಬಿಚ್ಚಿಕೊಳ್ಳುತ್ತದೆ ಎಂದು ಯೋಚಿಸುವುದು ಕಾದಂಬರಿ ಓದುವವರ ಕಲ್ಪನಾಶಕ್ತಿಗೆ ಹೊರತಾದ ಕೆಲಸವಲ್ಲ.

ಕನ್ನಡಕ್ಕೆ ಇಲ್ಲಿ ಒಂದು ಹಳೆಯ ಬಾಕಿಯಿದೆ. ಎಪ್ಪತ್ತರ ದಶಕದ ಆರಂಭದಲ್ಲಿ ದೇವರಾಜ ಅರಸು ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಲ್ಲಿಸಲು ಹೊರಟರು. ಅದೇ ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿರುವುದು ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ಗಲಾಟೆಯಾಯಿತು, ಅವರು ಸಚಿವ ಸ್ಥಾನ ಬಿಡಬೇಕಾಯಿತು. ಆ ಕಿಡಿಯಿಂದಲೇ ದಲಿತ ಚಳವಳಿಗೆ, ದಲಿತ ಸಾಹಿತ್ಯಕ್ಕೆ ಹೊಸ ಬೆಂಕಿ ಸಿಕ್ಕಿತು. ಸಾಹಿತ್ಯ ಚರಿತ್ರೆಯಲ್ಲಿ ನಾವು ಬೂಸಾ ಪ್ರಕರಣವನ್ನು ಓದುತ್ತೇವೆ, ಮಲದ ಬುಟ್ಟಿಯ ವಿಷಯವನ್ನು ಆಡಳಿತದ ಚರಿತ್ರೆಗೆ ಬಿಡುತ್ತೇವೆ. ಎರಡನ್ನೂ ಒಂದೇ ಮನುಷ್ಯ ಎತ್ತಿದ ಪ್ರಶ್ನೆಗಳಾಗಿ ಓದಿದರೆ? ತಲೆಯ ಮೇಲೆ ಬುಟ್ಟಿ ಸೋರುತ್ತಿರುವವಳಿಗೆ ನಿಮ್ಮ ಸಾಹಿತ್ಯದಲ್ಲಿ ಏನಿದೆ ಎನ್ನುವುದು ಆ ಮಾತಿನೊಳಗಿನ ಪ್ರಶ್ನೆಯಾಗಿತ್ತೆಂದು ನನಗೆ ತೋರುತ್ತದೆ.

ಆಮೇಲಿನ ದಲಿತ ಬರವಣಿಗೆ ಆ ಪ್ರಶ್ನೆಗೆ ದೊಡ್ಡ ಉತ್ತರಗಳನ್ನು ಕೊಟ್ಟಿತು. ಹಸಿವು, ಅವಮಾನ, ಸಿಟ್ಟು, ನಗು ಎಲ್ಲ ಕನ್ನಡಕ್ಕೆ ಹೊಸದಾಗಿ ಬಂದವು. ಆದರೆ ನಾನು ಓದಿದ ಮಟ್ಟಿಗೆ ನಗರದ ಕಸ, ಚರಂಡಿಯ ಕೆಲಸಗಾರರು ಆ ಉತ್ತರಗಳ ಅಂಚಿನಲ್ಲೇ ಇದ್ದಾರೆ. ಚಿನ್ನ ತೆಗೆಯುತ್ತಿದ್ದ ಕೋಲಾರದ ಕೆಜಿಎಫ್‌ನಲ್ಲಿ ಮಲ ಬಾಚುವ ಕೆಲಸದ ನಡುವೆ ಬೆಳೆದ ಬೆಜವಾಡ ವಿಲ್ಸನ್ ದೇಶದ ದೊಡ್ಡ ಚಳವಳಿ ಕಟ್ಟಿದರು, 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದರು. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಿದರು. ದಿನವೂ ಯಾರೂ ನೋಡದೆ ಮೈಗೆ ಅಂಟುತ್ತಿದ್ದದ್ದನ್ನು ಒಂದು ದಿನ ಎಲ್ಲರೂ ನೋಡುವಂತೆ ಸುರಿದುಕೊಂಡರು. ನಮ್ಮ ನೆಲದಲ್ಲೇ ನಡೆದ ಇವೆರಡನ್ನು ಪತ್ರಿಕೆಗಳು ಬರೆದಷ್ಟು ನಮ್ಮ ಕಾದಂಬರಿಗಳು ಬರೆಯಲಿಲ್ಲ.

ಯಾಕೆ? ಒಂದು ಕಾರಣ ಕಥನದ ಸ್ವಭಾವದಲ್ಲೇ ಇದೆ. ಕಥೆಗೆ ಘಟನೆ ಬೇಕು. ಮ್ಯಾನ್‌ಹೋಲಿನ ಸಾವು ಘಟನೆ, ಇಪ್ಪತ್ತು ವರ್ಷದ ಕೆಮ್ಮು ಘಟನೆಯಲ್ಲ. ಕುತೂಹಲವೆಂದರೆ ಕಾನೂನಿನ ನೋಟವೂ ಸುಮಾರಾಗಿ ಇದೇ. 2013ರ ಕಾಯ್ದೆ ರಕ್ಷಣೆಯಿಲ್ಲದೆ ಚರಂಡಿಗೆ ಇಳಿಸುವುದನ್ನು ನಿಷೇಧಿಸಿತು. ಸುಪ್ರೀಂ ಕೋರ್ಟ್ 2014ರಲ್ಲಿ ಚರಂಡಿ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ಎಂದಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು, ಶಾಶ್ವತ ಅಂಗವೈಕಲ್ಯಕ್ಕೂ ಮೊತ್ತ ನಿಗದಿ ಮಾಡಿತು. ಇವು ಹೋರಾಡಿ ಪಡೆದ ದೊಡ್ಡ ಗೆಲುವುಗಳು. ಆದರೆ ಧೂಳಿನಿಂದ ಬಂದ ಉಬ್ಬಸಕ್ಕೆ ಇಂಥ ದಿನ ಸಂಭವಿಸಿತು ಎಂಬ ತಾರೀಖಿಲ್ಲ. ತಾರೀಖಿಲ್ಲದ ನೋವಿಗೆ ಅರ್ಜಿ ಬರೆಯುವುದು ಕಷ್ಟ, ಕಥೆ ಬರೆಯುವುದೂ ಕಷ್ಟ. ಕಾನೂನಿಗೆ ಕಷ್ಟವಾದದ್ದನ್ನು ಸಾಹಿತ್ಯ ಮಾಡಬೇಕಿತ್ತಲ್ಲವೇ? ಕ್ಷಯರೋಗದ ನಾಯಕಿಯ ಕೆಮ್ಮಿಗೆ ನಮ್ಮ ಹಳೆಯ ಕಾದಂಬರಿ, ಸಿನಿಮಾಗಳು ಎಷ್ಟು ಪುಟ, ಎಷ್ಟು ರೀಲು ಕೊಟ್ಟಿಲ್ಲ!

ಈ ವಾದಕ್ಕೆ ನನ್ನ ಸಹೋದ್ಯೋಗಿಯೊಬ್ಬರು ಎತ್ತಿದ ಆಕ್ಷೇಪಣೆಯನ್ನು ಹೇಳಲೇಬೇಕು. "ನಿಮ್ಮ ಮಾತು ಕೇಳಿ ಎಲ್ಲರೂ ಈಗ ಕೆಮ್ಮುವ ಪೌರಕಾರ್ಮಿಕರನ್ನು ಬರೆಯಲು ಶುರು ಮಾಡುತ್ತಾರೆ. ಮೊದಲು ದೇವರು ಮಾಡಿದ್ದಿರಿ, ಈಗ ರೋಗಿ ಮಾಡುತ್ತೀರಿ. ಮನುಷ್ಯರನ್ನಾಗಿ ಯಾವಾಗ ಮಾಡುತ್ತೀರಿ?" ಎಂದರು. ಇದು ನ್ಯಾಯವಾದ ಮಾತು. ದಲಿತ ದೇಹವೆಂದರೆ ಗಾಯ ಮಾತ್ರ ಎಂದುಕೊಳ್ಳುವ ಕರುಣೆ ಹಕೀಮನ ಕರುಣೆಗಿಂತ ಮೇಲಲ್ಲ. ನನ್ನ ಸಮಾಧಾನ ಇಷ್ಟೇ: 'ಕೋರ್ಟ್'ನ ಹೆಂಗಸು ಗಂಡನ ಕಣ್ಣು ಹೋದದ್ದನ್ನೂ ಹೇಳುತ್ತಾಳೆ, ಅವನು ಕಲ್ಲೆಸೆದು ಜಿರಳೆಗೆ ಕಾಯುತ್ತಿದ್ದದ್ದನ್ನೂ ಹೇಳುತ್ತಾಳೆ. ಕೈಗವಸಿನ ದೋಷವನ್ನು ಕಟ್ಟೆಯ ಮೇಲೆ ಕೂತು ಎರಡೇ ವಾಕ್ಯದಲ್ಲಿ ವಿವರಿಸಿದ ತಾಯಿಯೂ, ಶಿವನ ಹಾಜರಿ ಕೇಳಿ ನಕ್ಕ ತಾಯಿಯೂ ಒಬ್ಬರೇ. ದೇಹದ ಬಗ್ಗೆ ಬರೆಯುವುದೆಂದರೆ ನೋವನ್ನಷ್ಟೇ ಬರೆಯುವುದಲ್ಲ. ಆ ದೇಹಕ್ಕೆ ಗೊತ್ತಿರುವುದನ್ನು ಬರೆಯುವುದು.

ಹಾಗೆ ನೋಡಿದರೆ 'ಜಲಗಾರ'ನನ್ನು ಬಿಟ್ಟುಕೊಡಬೇಕಾಗಿಲ್ಲ. ಗುಡಿಯ ಒಳಗಿರುವವರಿಗೆ ತಿಳಿಯದ ಒಂದು ಸಂಗತಿ ಪೊರಕೆ ಹಿಡಿದವನಿಗೆ ತಿಳಿಯುತ್ತದೆ ಎಂದು ಮೊದಲು ಹೇಳಿದ ಆಧುನಿಕ ಕನ್ನಡ ನಾಟಕಗಳಲ್ಲಿ ಅದೂ ಒಂದು. ಕುವೆಂಪು ಆ ಅರಿವನ್ನು ಶಿವನೆಂದು ಕರೆದರು. ನಾವು ಅಲ್ಲಿಗೇ ನಿಂತು ಭಕ್ತಿಯ ಟಿಪ್ಪಣಿ ಬರೆಸುತ್ತಾ ಬಂದೆವು.

ನಾಟಕದ ದಿನ ವೇದಿಕೆಗೆ ನೀರು ಚಿಮುಕಿಸಿಯೇ ಆಡಿದೆವು. ಹುಡುಗ ಮಾತು ಹೇಳಬೇಕಲ್ಲ. ಚಪ್ಪಾಳೆ ಚೆನ್ನಾಗಿ ಬಿತ್ತು. ಮರುದಿನ ಬೆಳಿಗ್ಗೆ ಏಳಕ್ಕೆ ಕಾಲೇಜಿಗೆ ಹೋಗುವಾಗ ಗೇಟಿನ ಮುಂದೆ, ಹಿಂದಿನ ರಾತ್ರಿ ನಾವು ತಿಂದು ಎಸೆದ ಪೇಪರ್ ಪ್ಲೇಟು, ಲೋಟ, ನೀರಿನ ಬಾಟಲಿಗಳನ್ನು ಇಬ್ಬರು ಹೆಂಗಸರು ಗುಡಿಸಿ ರಾಶಿ ಮಾಡುತ್ತಿದ್ದರು. ಒಬ್ಬರು ಸೆರಗನ್ನು ಮೂಗಿಗೆ ಕಟ್ಟಿಕೊಂಡಿದ್ದರು. ಅನ್ನ, ಸಾಂಬಾರು, ಪ್ಲಾಸ್ಟಿಕ್ಕು ಎಲ್ಲ ಒಂದರೊಳಗೊಂದು ಬೆರೆತಿತ್ತು. ವಿಂಗಡಿಸಿ ಹಾಕಿ ಎಂದು ಹುಡುಗರಿಗೆ ಹೇಳುವುದು ನನಗೆ ಮರೆತುಹೋಗಿತ್ತು.